ಮಂಜಿನೊಳಗಿನ ಬೆನ್ನು

ಜಲಪಾತ, ಮತ್ತೊಂದು ಜಲಪಾತ, ಆಮೇಲೆ ಗುಲಾಬಿ ತೋಟ, ಕಂಪ್ಯೂಟರಿನಲ್ಲಿ ಒಂದರ ಹಿಂದೊಂದು ಸರಿಯುತ್ತಿವೆ, ಸಿರುಗುಪ್ಪದ ಕಡೆ ಸತ್ತವರೆಲ್ಲ ಕೋಟು ತೊಟ್ಟು ಇದೇ ಜಲಪಾತದ ಮುಂದೆ ನಿಂತಿರುತ್ತಾರೆ, ಗೋಡೆಯ ಮೇಲೆ, ಹಾರದೊಳಗೆ — ಯಾವುದು ಹಾಕ್ಲಿರಿ ಮೇಡಂ, ಸ್ಟುಡಿಯೋದ ಶಶಿಕಾಂತ್ ಕೇಳುತ್ತಿದ್ದಾನೆ, ರಶ್ಮಿ ಕೈಯಲ್ಲಿನ ಪೆನ್‌ಡ್ರೈವ್ ತಿರುಗಿಸುತ್ತಿದ್ದಾಳೆ. ಅಪ್ಪನಿಗೆ ಎಲ್ಲಿಯ ಜಲಪಾತ, ಹಚ್ಚೊಳ್ಳಿಯ ಕಾಲುವೆ ನೀರು ಗದ್ದೆಗೆ ಬಿದ್ದರೆ ಆ ಸದ್ದೇ ಅವನಿಗೆ ಸಾಕಿತ್ತು, ಸೋಮವಾರ ಆ ಬದುವಿನ ಮೇಲೇ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ನಾಳೆ ಅವನ ಹೆಸರಿನಲ್ಲಿ ಗಣಾರಾಧನೆ, ಪೂಜೆಗೆ ಮುಖವಿರುವ ಫೋಟೋ ಬೇಕು, ಅವ್ವ ಅಳುತ್ತಲೇ ಕುಟುಕಿದ್ದಳು, ಕಂಡ ಕಂಡ ಗುಡ್ಡದ ಫೋಟೋ ತೆಗದಿ, ಕುರುಗೋಡು ಗುಡ್ಡ ಒಂದ ಗ್ವಾಡಿ ತುಂಬ ಐತಿ, ನಿಮ್ಮಪ್ಪಂದು ಒಂದು ಮಕ ತೆಗೀಲಿಲ್ಲಲ್ಲೇ. ತೆಗೆದಿರಲಿಲ್ಲ. ಮುಖ ಬಂದರೆ ಕಣ್ಣು ಮುಖಕ್ಕೇ ಹೋಗುತ್ತದೆ, ಬಯಲು ಸಾಯುತ್ತದೆ, ಫೋಟೋ ತೆಗೆಯುವ ರಶ್ಮಿಯದೇ ನಿಯಮ. ಕೊನೆಗೆ ಸಿಕ್ಕಿದ್ದು ಆಧಾರ್ ಕಾರ್ಡಿನದು, ಬೈಸಿಕೊಂಡವನಂತೆ ಕಣ್ಣರಳಿಸಿದ ಮುಖ, ಅದನ್ನು ಕತ್ತರಿಸಿ ಶಶಿಕಾಂತ್ ಹಾಲಿನಂತೆ ಮಾಡಿದ್ದಾನೆ — ಬೆಳ್ಳಗ ಮಾಡಬ್ಯಾಡ್ರಿ, ನಮ್ಮಪ್ಪ ಕಪ್ಪ ಇದ್ದ — ಮನ್ಯಾಗ ಬೈತಾರ್ರಿ ಮೇಡಂ, ಎಲ್ರೂ ಬೆಳ್ಳಗ ಕೇಳ್ತಾರ — ಬೈಲಿ ಬಿಡ್ರಿ, ಜಲಪಾತಾನೂ ಬ್ಯಾಡ, ಹಿಂದ ಇದನ್ನ ಹಾಕ್ರಿ, ಪೆನ್‌ಡ್ರೈವ್ ಕೊಟ್ಟಳು. ಹೋದ ಮಾಗಿಯ ಮಂಜು, ಹಚ್ಚೊಳ್ಳಿಯ ಗದ್ದೆ, ಅವಳೇ ತೆಗೆದದ್ದು, ಪ್ರದರ್ಶನದಲ್ಲಿ ಅದರ ಮುಂದೆ ನಿಂತವರು ಎಂಥ ಭಾವ, ಎಷ್ಟು ಪ್ರಾಮಾಣಿಕ ಎಂದಿದ್ದರು, ಪ್ರಾಮಾಣಿಕವಂತೆ — ಅವತ್ತು ಅಪ್ಪ ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ಮುಂದೆ ಹೋಗುತ್ತಿದ್ದ, ಮಂಜಿನ್ಯಾಗ ಏನ್ ಕಾಣ್ತೈತಿ ಅಂತ ತೆಗೀತಿ ತಾಯಿ, ಬಿಸ್ಲು ಬೀಳ್ಲಿ ತಡಿ, ನಗುತ್ತಾ ಇನ್ನೇನೋ ಹೇಳಲು ಕುತ್ತಿಗೆ ಅರ್ಧ ತಿರುಗಿಸಿದ್ದ, ಅವಳು ಕಿರುಚಿದ್ದಳು, ಅಪ್ಪಾ ತಿರುಗಬ್ಯಾಡ, ಹಂಗ ನಡಿ, ಹಂಗ ನಡಿ — ಕೇಳಿದ, ಮಗಳು ಹೇಳಿದ್ದನ್ನೆಲ್ಲ ಕೇಳುವವನು, ಏನು ಹೇಳಲು ಹೊರಟಿದ್ದನೋ ಅದನ್ನು ನುಂಗಿ ನಡೆದ. ಈಗ ಪರದೆಯ ತುಂಬ ಆಧಾರಿನ ಮುಖ, ಕಿವಿಯ ಪಕ್ಕದಲ್ಲಿ ಮಂಜು, ಮಂಜಿನಲ್ಲಿ ಕಡ್ಡಿಯಷ್ಟು ಕಪ್ಪು, ಶಶಿಕಾಂತ್ ಬಾಣದ ಗುರುತನ್ನು ತಂದು ಅದರ ಮೇಲಿಟ್ಟ, ಹಿಂದ ಯಾರೋ ಹೊಂಟಾರ್ರಿ ಮೇಡಂ, ಅಳಿಸ್ಲೇನು — ಸಲಿಕೆ, ಬದು, ಹಂಗ ನಡಿ, ಅರ್ಧ ತಿರುಗಿ ನಿಂತ ಕುತ್ತಿಗೆ, ಮತ್ತೆ ಬೆನ್ನು, ಬೆನ್ನು