ತೊಳೆದ ಮರಳು

ನಳದ ಕಟ್ಟಿ ಮುಂದ ತಾಜುನ್ನಿಸಾ ಕೊಡ ತುಂಬಿಸಿಕೊಂಡ್ಲು. ಭೀಮಬಾಯಿ ರೂಢಿ ಪ್ರಕಾರ ಅದನ್ನ ಎತ್ತಿ ಆಕಿ ಸೊಂಟಕ್ಕ ಇಡಬೇಕಂತ ಕೈ ಚಾಚಿದ್ಲು. ತಾಜುನ್ನಿಸಾ ಕೊಡ ಬಾಜೂಕ ಎಳಕೊಂಡು, ತಾನೇ ಎತ್ತಿಕೊಂಡು, ಮಾರಿ ತಿರುವಿ ಹೋಗೇಬಿಟ್ಲು. ಸಾಲಿನ್ಯಾಗ ನಿಂತ ಹೆಣ್ಣಮಕ್ಕಳು ಒಬ್ಬರ ಮಾರಿ ಒಬ್ಬರು ನೋಡಿಕೊಂಡ್ರು.

ಭೀಮಬಾಯಿಗೆ ಅಂಗಾಲಿನಿಂದ ನೆತ್ತಿತನಕ ಉರೀತು. ತಾಜುನ್ನಿಸಾನ ಮ್ಯಾಲಲ್ಲ! ಆಕಿ ಮಾಡಿದ್ದು ಸರಿನೇ ಇತ್ತು, ಕೊಡದ ನೀರು ತಂದು ಮಾರಿಗೆ ಉಗ್ಗಿದ್ರೂ ಸರಿನೇ ಇರ್ತಿತ್ತು. ಸಿಟ್ಟೆಲ್ಲಾ ಗಂಡನ ಮ್ಯಾಲೆ. ಮನ್ಯಾಗ ಖುರ್ಚಿ ಮ್ಯಾಲೆ ಕುಂತು, ಏನೂ ಆಗೇ ಇಲ್ಲ ಅನ್ನವರಂಗ ಬೀಡಿ ಎಳೀಲಿಕತ್ತಿದ್ದ ದೇವಿಂದ್ರಪ್ಪನ ಮ್ಯಾಲೆ. ಉಗಿಬಂಡಿ ಓಡಿಸಿ ಓಡಿಸಿ ತಲ್ಯಾಗೂ ಉಗಿನೇ ತುಂಬಿಕೊಂಡಂವ.

ವಾಡಿ ಜಂಕ್ಷನ್ನಿನ್ಯಾಗ ದೇವಿಂದ್ರಪ್ಪ ಡ್ರೈವರ್, ತಾಜುನ್ನಿಸಾನ ಗಂಡ ಮಜೀದಸಾಬ ಗಾರ್ಡ್. ಇಂವ ಗಾಡಿ ಮುಂದ, ಅಂವ ಗಾಡಿ ಹಿಂದ. ರೈಲ್ವೆ ಕ್ವಾರ್ಟರ್ಸಿನ್ಯಾಗ ಎರಡೂ ಮನಿ ನಡುವ ಒಂದು ಮೋಟುಗೋಡಿ. ಆ ಗೋಡಿ ಮ್ಯಾಲೆ ಹಗಲೆಲ್ಲಾ ಬಟ್ಟಲ ಓಡ್ಯಾಡ್ತಿದ್ವು. ಇಲ್ಲಿ ಮಸರು ಕೆಟ್ರ ಅಲ್ಲಿಂದ ಹೆಪ್ಪು, ಅಲ್ಲಿ ಕೆಟ್ರ ಇಲ್ಲಿಂದ ಹೆಪ್ಪು. ಮೊದಲಿಗೆ ಅದು ಯಾರ ಮನಿ ಮಸರು ಅನ್ನೋದು ಇಬ್ಬರಿಗೂ ನೆನಪಿಲ್ಲ. ಒಂದೇ ಕಟ್ಟು ಇತ್ತು: ಸಂಜಿ ದೀಪ ಹಚ್ಚಿದ ಮ್ಯಾಲೆ ಹೆಪ್ಪು ಮನಿ ಹೊಸ್ತಿಲ ದಾಟಬಾರದು. ಅದನ್ನ ಎರಡೂ ಮನ್ಯಾಗ ಪಾಲಿಸ್ತಿದ್ರು.

ಇಂಥಾದ್ದರ ನಡುವ ಬಂದು ಕುಂತದ್ದು ಒಂದು ಮೀನಿನ ಪೆಟ್ಟಿಗಿ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ತಾಜುನ್ನಿಸಾನ ತಮ್ಮ ಮೆಹತಾಬನ ಲಗ್ನಕ್ಕ ಎರಡೂ ಮನಿಯವರು ಬೊಂಬಾಯಿಗೆ ಹೋಗಿದ್ರು. ಮೆಹತಾಬ್ ಅಲ್ಲಿ ಸಮುದ್ರದ ಮೀನು ಸಾಕೋ ಕೆಲಸದಾಗಿದ್ದ. ಅವನ ಗಾಜಿನ ಪೆಟ್ಟಿಗ್ಯಾಗ ಕೇಸರಿ ಮೈಯ, ಬಿಳಿ ಪಟ್ಟಿಯ ಮೀನು ನೋಡಿ ದೇವಿಂದ್ರಪ್ಪ ಅಲ್ಲೇ ಗೂಟಾ ಬಡದಂಗ ನಿಂತುಬಿಟ್ಟ. "ಮಜೀದಾ, ಇವು ನನ್ನ ಮನ್ಯಾಗ ಬೇಕಲೇ," ಅಂದ. ಕಲ್ಲು ಬಿಟ್ರ ಇನ್ನೊಂದು ಕಾಣದ ನಮ್ಮ ವಾಡ್ಯಾಗ ಸಮುದ್ರದ ಮೀನು! ಭೀಮಬಾಯಿ ಅವತ್ತು ಬಿದ್ದು ಬಿದ್ದು ನಕ್ಕಿದ್ಲು.

ನಗುವು ನಕ್ಕಲ್ಲೇ ಉಳೀತು, ಪೆಟ್ಟಿಗಿ ತಯಾರಾತು. ತಳಕ್ಕ ಶಹಾಬಾದಿ ಕಲ್ಲಿನ ಫರಸಿ, ಸುತ್ತ ಗಾಜು, ಸಂದಿಗೆಲ್ಲಾ ಡಾಂಬರು. ಸಮುದ್ರದ ನೀರು ಕ್ಯಾನಿನ್ಯಾಗ ಬೊಂಬಾಯಿಂದ ಗಾರ್ಡಿನ ಡಬ್ಬಿ ಹತ್ತಿ, ಒಬ್ಬ ಗಾರ್ಡಿನ ಕೈಯಿಂದ ಇನ್ನೊಬ್ಬನ ಕೈಗೆ ಬಂದು, ಸೋಲಾಪುರದಿಂದ ಮಜೀದಸಾಬನ ಸಂಗಾಟ ವಾಡಿಗೆ ಇಳೀತಿತ್ತು. ಮರಳಿನ ಬುಡಕ ಗಾಳಿ ಗುಳುಗುಳು ಅನ್ನಲಿಕ್ಕೆ ಒಂದು ಸಣ್ಣ ಪಂಪು. ಕರೆಂಟ್ ಹೋದಾಗ ದೇವಿಂದ್ರಪ್ಪ ಲಾರಿ ಟ್ಯೂಬಿಗೆ ಗಾಳಿ ತುಂಬಿ, ಅದರ ಬಾಯಿಗೆ ನಳಿಗಿ ಸಿಗಿಸಿ ಗಾಳಿ ಬಿಡ್ತಿದ್ದ. ತಲಿ ಏನು ಕಡಿಮಿ ಇದ್ದಿಲ್ಲ ಅವನಿಗೆ. ತಾಳ್ಮಿ ಅನ್ನೋದು ಮಾತ್ರ ಹುಟ್ಟಿದಾಗೇ ಬಿಟ್ಟು ಬಂದಿದ್ದ.

ಕಡೀಕ ಮಜೀದಸಾಬ ತೊಯ್ದ ಗೋಣಿಚೀಲದಾಗ ಸುತ್ತಿದ ಒಂದಿಷ್ಟು ಮರಳು ತಂದ. ಮೆಹತಾಬನ ಹಳೇ ಪೆಟ್ಟಿಗ್ಯಾಗಿಂದು. ಅದನ್ನ ಹೊಸಾ ಮರಳಿನ ಮ್ಯಾಲೆ ಹರವಿದ, ಮ್ಯಾಲೊಂದು ಸತ್ತ ಸೀಗಡಿ ಇಟ್ಟ.

"ಮೀನಿನ ಹೊಲಸು ಮೀನಿಗೇ ವಿಷಾ. ಆ ವಿಷಾ ತಿನ್ನೋ ಜೀವ ಈ ಮರಳಿನ್ಯಾಗವ, ಕಣ್ಣಿಗೆ ಕಾಣಂಗಿಲ್ಲ. ಸೀಗಡಿ ಕೊಳೀಲಿ, ಅದನ್ನ ತಿಂದು ಅವು ಬೆಳೀಲಿ. ನೀರು ಮಬ್ಬ ಆಗ್ತದ, ನಾರ್ತದ, ಗಾಜಿಗೆ ಕಂದು ಪಾಚಿ ಹತ್ತತದ. ಹೆದರಬ್ಯಾಡ್ರಿ, ಮುಟ್ಟಬ್ಯಾಡ್ರಿ. ತಾನೇ ತಿಳಿ ಆಗ್ತದ, ಆಮ್ಯಾಲೆ ಮೀನು," ಅಂದ.

"ಅಂದ್ರ ಹೆಪ್ಪು ಅನ್ನಣ್ಣಾ," ಅಂದ್ಲು ಭೀಮಬಾಯಿ.

ಮಜೀದಸಾಬ ನಕ್ಕ. "ಹೂಂ ತಂಗಿ, ಹೆಪ್ಪೇ. ನಿನಗ ತಿಳೀತು, ಈ ಡ್ರೈವರ್‌ಗ ತಿಳಿಸು."

ಶ್ರಾವಣ ಮಾಸ! ಶ್ರಾವಣದಾಗ ಮನಿಗೆ ಖಂಡ ತರದಾಕಿ ಭೀಮಬಾಯಿ, ನಡುಮನ್ಯಾಗ ಸೀಗಡಿ ಕೊಳಿಸಿಕೊಂಡು ಕುಂತ್ಲು. ದೇವರ ಜಗಲಿಗೆ ಎರಡು ಊದಿನಕಡ್ಡಿ ಹೆಚ್ಚಿಗಿ ಹಚ್ಚಿ ಮೂಗು ಮುಚ್ಚಿಕೊಂಡ್ಲು. ಸೆಕಿಗೆ ಪೆಟ್ಟಿಗ್ಯಾಗಿನ ನೀರು ಇಳೀತಿತ್ತು. ಉಪ್ಪು ಹಾರಂಗಿಲ್ಲ, ನೀರಷ್ಟೇ ಹಾರ್ತದ ಅಂತ ಮಜೀದಸಾಬ ಹೇಳಿದ್ದ. ಹಂಗಂತ ಗಾಜಿಗೆ ಕಾಡಿಗಿ ಗೆರಿ ಎಳದು, ಔಷಧಿ ವಾಸನಿ ಹೋಗಲಂತ ಎರಡು ದಿನ ಕೊಡದಾಗ ಇಟ್ಟ ನಳದ ನೀರು ದಿನಾ ಗೆರಿತನಕ ತುಂಬ್ತಿದ್ಲು. ಆ ನೀರಿನ್ಯಾಗ ಆಕಿ ಸೊಂಟದ ನೋವೂ ಕೂಡಿತ್ತು.

ಊರ ಮಂದಿ ಬಿಡಬೇಕಲ್ಲ! ಸ್ಟೇಶನ್ ಮುಂದ ಸಂಗಣ್ಣನ ಚಾದಂಗಡ್ಯಾಗ ದಿನಾ ಅದೇ ಮಾತು. "ಡ್ರೈವರ್ ಸಾಹೇಬ್ರ, ಖಾಲಿ ನೀರು ನೋಡಲಿಕ್ಕೆ ಟಿಕೀಟ್ ಎಷ್ಟರಿ?" "ಮೀನು ಬೊಂಬಾಯಿಂದ ನಡಕೊಂತ ಬರ್ಲಿಕತ್ತಾವೇನ್ರಿ?" ದೇವಿಂದ್ರಪ್ಪನ ಕಿವಿ ಕೆಂಪಾಗ್ತಿದ್ವು. ಒಂದಿನ ಉರಿದು, ಬರೋ ಐತವಾರ ಮೀನು ನೋಡಲಿಕ್ಕೆ ಬರ್ರಿ ಅಂತ ಲೋಕೋ ಶೆಡ್ಡಿನ ಫೋರಮನ್ ಸಾಹೇಬಗೇ ಮನಿಗೆ ಕರದು ಬಂದ.

ಮನಿಗೆ ಬಂದು ನೋಡ್ತಾನ, ನೀರು ಗಂಜಿ ಆಗೇದ. ಗಾಜಿನ ತುಂಬ ಕಂದು ಪಾಚಿ.

"ಇದು ಬಾಯಲರ್ ವಾಶೌಟಿಗೆ ಬಂದದ," ಅಂದ.

ವಾಡಿ ನೀರು ಗಡಸು, ಎಂಜಿನ್ನಿನ ಬಾಯಲರಿನ್ಯಾಗ ಗಸಿ, ಚಿಪ್ಪು ಕಟ್ಟತದ. ಅದನ್ನ ಆಗಾಗ ತೆರದು ತೊಳೀಲಿಲ್ಲಂದ್ರ ಗಾಡಿ ಕೆಡ್ತದ. ಆಯುಷ್ಯೆಲ್ಲಾ ಅದನ್ನೇ ಮಾಡಿಸಿದಂವ. ಗಸಿ ಅಂದ್ರ ವೈರಿ ಅವನಿಗೆ.

"ಏನ್ರಿ, ಅಣ್ಣ ಮುಟ್ಟಬ್ಯಾಡ ಅಂದಾನ."

"ಮಜೀದ ಹಿಂದಿನ ಡಬ್ಬ್ಯಾಗ ಕುಂದ್ರಾಂವ. ನೀರಿಂದು ನನಗ ಹೇಳ್ತಾನೇನು?"

"ಅದು ಹೆಪ್ಪರಿ! ಹೆಪ್ಪು ತೊಳೀತಾರೇನ್ರಿ ಯಾರರೆ?"

"ನಿನ್ನ ಒಲಿ ಮುಂದ ನೀ ಇರು."

ಎಲ್ಲಾ ನೀರು ಚೆಲ್ಲಿದ. ಮರಳಿಗೆ ಕುದಿಯೋ ನೀರು ಹಾಕಿ, ಸೋಡಾ ಹಾಕಿ, ಅಕ್ಕಿ ತೊಳದಂಗ ತಿಕ್ಕಿ ತೊಳದ. ಗಾಜು ಥಳಥಳ ಹೊಳೀತು. ಕ್ಯಾನಿನ್ಯಾಗ ಉಳಿದಿದ್ದ ಸಮುದ್ರದ ನೀರು ತುಂಬಿ, ಸೋಲಾಪುರದಾಗಿದ್ದ ಮಜೀದಸಾಬಗ ರೈಲ್ವೆ ಫೋನಿನ್ಯಾಗ ಹೇಳಿ ಕಳಿಸಿದ: ತಯಾರ ಅದ, ಮೀನು ತಾ. ಭೀಮಬಾಯಿ ಹಲ್ಲು ಕಚ್ಚಿ ಸುಮ್ಮನಿದ್ಲು. ಆ ಸುಮ್ಮನಿದ್ದದ್ದಕ್ಕೂ ಆಕಿಗೆ ಈಗ ತನ್ನ ಮ್ಯಾಲೇ ಸಿಟ್ಟಿತ್ತು.

ಎರಡು ಮೀನು ಬಂದ್ವು. ಮಜೀದಸಾಬ ದಾರಿ ತುಂಬ ತೊಡಿ ಮ್ಯಾಲೆ ಡಬ್ಬಿ ಇಟ್ಟುಕೊಂಡು, ಗಾಳಿ ಹೊಡಕೊಂತ ತಂದಿದ್ದ. ಒಂದೆರಡು ದಿನ ಕೇಸರಿ ಬಾವುಟದಂಗ ಆಡಿದ್ವು. ಆಮ್ಯಾಲೆ ಮ್ಯಾಲೆ ಬಂದು ಬಾಯಿ ಬಾಯಿ ಬಿಡ್ಲಿಕತ್ವು. ಐತವಾರ ಫೋರಮನ್ ಸಾಹೇಬ ಹೆಂಡತಿ ಮಕ್ಕಳ ಸಂಗಾಟ ಬಂದು ಕುಂತಾಗ ಎರಡೂ ಅಡ್ಡ ಮಗ್ಗಲಾಗಿ ತೇಲ್ಲಿಕತ್ತಿದ್ವು. ಸಾಹೇಬನ ಸಣ್ಣ ಮಗಳು "ನಿದ್ದಿ ಮಾಡ್ತಾವೇನ್ರಿ?" ಅಂತ ಕೇಳಿದ್ಲು.

ಮೀನು ಸತ್ರ ಸಾಯಲಿ. ಅದಕ್ಕ ಭೀಮಬಾಯಿ ಅತ್ತು ಸುಮ್ಮನಾಗ್ತಿದ್ಲು. ಆದ್ರ ಈ ಮನುಷ್ಯ ಮರುದಿನ ಚಾದಂಗಡ್ಯಾಗ ಎಲ್ಲರ ಮುಂದ ಕುಂತು, "ಮಜೀದ ರೋಗದ ಮೀನು ತಂದು ನನ್ನ ತಲಿಗೆ ಕಟ್ಟಿದ" ಅಂದ. ಅಷ್ಟಕ್ಕೇ ನಿಲ್ಲಲಿಲ್ಲ ಬಾಯಿ. "ಎಷ್ಟಂದ್ರೂ ಅವರು ಅವರೇ," ಅಂದ.

ಆ ಮಾತು ಚಾ ಆರೋದರೊಳಗ ಕ್ವಾರ್ಟರ್ಸಿಗೆ ಬಂದು ಮುಟ್ಟಿತು.

ಅದಕ್ಕೇ ಇವತ್ತು ನಳದ ಮುಂದ ಆ ಮಾರಿ. ಭೀಮಬಾಯಿ ಕೊಡ ತಂದು ದಪ್ಪಂತ ಇಟ್ಲು.

"ಹೋಗಿ ಹೇಳ್ರಿ. ಎಲ್ಲಿ ಅಂದ್ರಿ ಅಲ್ಲೇ ಹೋಗಿ, ನಾ ತೊಳದೆ, ನಾ ಕೊಂದೆ ಅಂತ ಹೇಳ್ರಿ."

"ಡ್ರೈವರ್ ಹೋಗಿ ಗಾರ್ಡಿನ ಮುಂದ ತಲಿ ಬಗ್ಗಸಬೇಕೇನು? ಹುಚ್ಚು ಹಿಡಿದದೇನು ನಿನಗ?"

"ನನಗ ವಿಷಮಜ್ವರ ಬಂದು ಬಿದ್ದಾಗ ನಿಮ್ಮ ಮಕ್ಕಳಿಗೆ ಉಣಿಸಿದಾಕಿ ಯಾರ್ರಿ? ಆವಾಗ ಅವರು ಯಾರಾಗಿದ್ರು?"

"ಬಾಯಾಗ ಬಂತು, ಅಂದೆ. ಮಂದಿ ಮರೀತಾರ ಬಿಡು."

ಮರೀತಾರ! ಭೀಮಬಾಯಿ ಇಷ್ಟು ವರ್ಷದಾಗ ಗಂಡಗ ಒಂದು ದಿನಾನೂ ಏಕವಚನ ಆಡಿದಾಕಿ ಅಲ್ಲ. ಈಗ ಆಡಿದ್ಲು. "ನೀ ಮನುಷ್ಯನೇನೋ?" ಅಂದ್ಲು. "ನೀ ಆ ಮರಳಷ್ಟೇ ತೊಳದಿ ಅಂದ್ಕೊಂಡಿ ಏನೋ?"

ದೇವಿಂದ್ರಪ್ಪನ ಬಾಯಾಗಿಂದ ಬೀಡಿ ಬಿತ್ತು. ಅದನ್ನ ಎತ್ತಿಕೊಳ್ಳೋದರೊಳಗ ಆಕಿ ಪೆಟ್ಟಿಗ್ಯಾಗ ಕೈ ಹಾಕಿ, ಮರಳು ಬಗದು ಬಗದು ಬಕೀಟಿಗೆ ತುಂಬಿಕೊಂಡು ಹೊರಗ ಬಿದ್ದಿದ್ಲು.

ಸಂಗಣ್ಣನ ಚಾದಂಗಡಿಗೆ ಹೆಣ್ಣಮಕ್ಕಳು ಕಾಲಿಡಂಗಿಲ್ಲ. ಕೊಡತಿ, ಗುದ್ದಲಿ ಹಿಡಿದು ಕಲ್ಲುಖಣಿಗೆ ಹೋಗೋ ಹೆಣ್ಣಮಕ್ಕಳೂ ಹೊರಗ ನಿಂತೇ ಚಾ ಇಸಗೋತಾರ. ಭೀಮಬಾಯಿ ಸೀದಾ ಒಳಗ ಹೊಕ್ಕು ಬಾಕಿನ ಮ್ಯಾಲೆ ಬಕೀಟು ಇಟ್ಲು. ಡ್ರೈವರು, ಫೈರಮನ್ನು, ಪಾಯಿಂಟ್ಸಮನ್ನು ಎಲ್ಲಾರೂ ಚಾದ ಬಸಿ ಹಿಡಿದಲ್ಲೇ ಹಿಡಿದು ಕುಂತ್ರು. ಮೂಲ್ಯಾಗ ಡ್ಯೂಟಿ ಅಂಗಿ ಹಾಕ್ಕೊಂಡು ಮಜೀದಸಾಬ ಒಬ್ಬನೇ ಕುಂತಿದ್ದ.

"ಎಲ್ಲಾರೂ ಕೇಳ್ರಿ," ಅಂದ್ಲು. "ಮೀನಿಗೆ ರೋಗ ಇದ್ದಿಲ್ಲ. ಮಜೀದಣ್ಣ ಮುಟ್ಟಬ್ಯಾಡ ಅಂದಿದ್ದ ಮರಳು ಇದು. ನನ್ನ ಗಂಡ ಕುದಿನೀರು ಹಾಕಿ ತೊಳದ. ನಾ ಕಣ್ಣಾರೆ ನೋಡೀನಿ. ಇಲ್ಲಿ ಕುಂತು ಆಡಿದ್ದು ಸುಳ್ಳು. ಇನ್ನೊಂದು ಆಡ್ಯಾನಲ್ಲ, ಅದು ಸುಳ್ಳಿಗಿಂತ ಹೊಲಸು."

ಹಿಂದಿಂದ ಓಡಿಬಂದ ದೇವಿಂದ್ರಪ್ಪ ಬಾಗಿಲಾಗೇ ನಿಂತುಬಿಟ್ಟ. ಯಾರೂ ಅವನಿಗೆ ಕುಂದ್ರಿ ಅನ್ನಲಿಲ್ಲ.

ಮಜೀದಸಾಬ ಬಕೀಟಿನ್ಯಾಗಿಂದ ಚೂರು ಮರಳು ತಗೊಂಡು ಬೆರಳಾಗ ತಿಕ್ಕಿದ. "ನನಗ ಗೊತ್ತಿತ್ತು ತಂಗಿ. ಗಾಜು ಅಷ್ಟು ಸ್ವಚ್ಛ ಇದ್ದದ್ದು ನೋಡಿದಾಗೇ ಅನುಮಾನ ಬಂದಿತ್ತು."

ಭೀಮಬಾಯಿಗೆ ಮತ್ತ ಉರೀತು. "ಗೊತ್ತಿದ್ದೂ ಆ ಮೀನು ಯಾಕ ಬಿಟ್ಟಿ ಅಣ್ಣಾ? ನಿನಗರೆ ಬುದ್ಧಿ ಇದ್ದಿಲ್ಲೇನು?"

"ಕೇಳದೆ, ತಯಾರ ಅದೇನೋ ದೇವಿಂದ್ರಾ ಅಂತ. ಅದ ಅಂದ. ಮತ್ತೊಮ್ಮಿ ಕೇಳದೆ. ಅದ ಅಂದ. ಇಷ್ಟು ವರ್ಷ ಇಂವ ಸೀಟಿ ಹೊಡದ್ರ ನಾ ಹಿಂದಿನ ಡಬ್ಬ್ಯಾಗ ಸುಮ್ಮ ಕುಂತೀನಿ. ಒಂದಿನರೆ ಇಳದು ಹೋಗಿ ಎಂಜಿನ್ ನೋಡೀನೇನು? ಅವನ ಮಾತಿನ ಮ್ಯಾಲೆ ಬಿಟ್ಟೆ." ಮಜೀದಸಾಬ ಬಸಿ ಕೆಳಗಿಟ್ಟ. "ಮೀನು ಸತ್ತದ್ದಕ್ಕ ನನಗ ಸಿಟ್ಟಿಲ್ಲ. ಅವರು ಅವರೇ ಅಂದಾನಲ್ಲ. ಅವನ ಹಿಂದ ಇಷ್ಟು ದಿನ ಕುಂತಂವ ಯಾರು ಅಂತ ಅದನ್ನೊಂದು ಹೇಳಲಿ ನನಗ."

ದೇವಿಂದ್ರಪ್ಪ ನೆಲ ನೋಡಿದ. "ನಾನೇ ತೊಳದೆ," ಅಂದ. ಅಷ್ಟೇ. ಮಜೀದಸಾಬ ಹಸರು ನಿಶಾನಿ, ಕೆಂಪು ನಿಶಾನಿ ಬಗಲಾಗ ಇಟ್ಟುಕೊಂಡು, ಅವನ ಬಾಜೂಕೇ ಹಾದು ಡ್ಯೂಟಿಗೆ ಹೋದ.

ಮನಿಗೆ ಬಂದು ಭೀಮಬಾಯಿ ರೊಟ್ಟಿ ಬಡದ್ಲು, ಗಂಡನ ಮುಂದ ಒಣಾ ರೊಟ್ಟಿ, ಹಸೇ ಖಾರ ಇಟ್ಲು. ಮಸರಿಲ್ಲದ ಒಂದು ತುತ್ತೂ ಇಳೀದ ಮನುಷ್ಯ ಅದು. ಆಕಿ ಮಸರಿನ ಗಡಗಿ ತೊಳದು ಬೋರಲು ಹಾಕಿದ್ಲು, ಖಾಲಿ ಬಟ್ಟಲ ತಂದು ತಾಟಿನ ಬಾಜೂಕ ಕುಕ್ಕಿದ್ಲು.

"ಈ ಮನಿಗೆ ಮಸರು ಬೇಕಾದ್ರ ಆ ಮನಿ ಹೆಪ್ಪೇ ಬರಬೇಕು. ನಾ ಹೋಗಂಗಿಲ್ಲ. ಗೋಡಿ ಮ್ಯಾಲಿಂದಲ್ಲ, ಮುಂಬಾಗಿಲಿಗೆ ಹೋಗಿ ಬೇಡಿ ತರ್ರಿ."

ದೇವಿಂದ್ರಪ್ಪ ಉಣ್ಣದ ಎದ್ದ. ಮಧ್ಯಾಹ್ನೆಲ್ಲಾ ಖಾಲಿ ಪೆಟ್ಟಿಗಿ ಮುಂದ ಕುಂತಿದ್ದ. ಹೊತ್ತು ಇಳಿಲಿಕತ್ತಾಗ ಬಟ್ಟಲ ತಗೊಂಡು ಹೋದ. ಭೀಮಬಾಯಿ ಮೋಟುಗೋಡಿ ಬಾಜೂಕ ನಿಂತು ಕಿವಿ ಕೊಟ್ಲು.

"ಭಾಬೀ, ಒಂದೀಟು ಹೆಪ್ಪು ಕೊಡ್ರಿ."

ಬಾಗಿಲಾಗ ತಾಜುನ್ನಿಸಾ ನಿಂತಿದ್ಲು. ದಿನಾ ಭಯ್ಯಾ ಅನ್ನಾಕಿ. "ನಮ್ಮ ಮನ್ಯಾಗಿಂದು ನಿಮಗ ನಡೀತದೇನ್ರಿ, ಡ್ರೈವರ್ ಸಾಹೇಬ್ರ?" ಅಂದ್ಲು.

ಒಳ್ಳೇದಾತು, ಪೆಟ್ಟು ತಿನ್ನಲಿ, ಇನ್ನೂ ತಿನ್ನಲಿ ಅಂತ ಭೀಮಬಾಯಿ ಅಂದ್ಕೊಂಡ್ಲು.

"ತಪ್ಪಾತು ಭಾಬೀ. ಮೀನು ಸತ್ತದ್ದೂ ನನ್ನ ತಪ್ಪೇ. ಆ ಮಾತು... ಆ ಮಾತಂತೂ..." ಅಂದು ಅಂವ ಖಾಲಿ ಬಟ್ಟಲ ಎರಡೂ ಕೈಲೆ ಮುಂದ ಹಿಡಿದ.

ತಾಜುನ್ನಿಸಾ ಒಳಗ ಹೋಗಿಬಿಟ್ಲು. ದೇವಿಂದ್ರಪ್ಪ ಹೊಳ್ಳಿ ಬರಲಿಲ್ಲ. ಹೊಸ್ತಿಲ ಹೊರಗ ಫರಸಿ ಮ್ಯಾಲೆ, ಹಾದು ಹೋಗವರೆಲ್ಲಾ ನೋಡೋಹಂಗ, ಬಟ್ಟಲ ಹಿಡಿದು ಕುಂತ. ಹೋಗವರು ನಿಂತು ನೋಡಿದ್ರು. ಯಾರೋ ನಕ್ರು. ಅಂವ ಏಳಲಿಲ್ಲ.

"ಕುಂದರ್ಲಿ," ಅಂತ ಹಲ್ಲಾಗೇ ಅಂದು ಭೀಮಬಾಯಿ ಒಳಗ ಬಂದು ಹಾಲು ಕಾಸಿ ಆರಲಿಕ್ಕೆ ಇಟ್ಲು. ಹಾಲು ಆರಿತು. ಹೊರಗ ಕತ್ತಲಾತು. ಸಾಲಿನ್ಯಾಗ ಒಂದೊಂದೇ ಮನಿ ದೀಪ ಹತ್ತಲಿಕತ್ವು. ಇನ್ನೇನು, ದೀಪ ಹಚ್ಚಿದ್ರ ಇವತ್ತಿಗೆ ಹೆಪ್ಪಿನ ಮಾತು ಮುಗೀತು ಅಂತ ಆಕಿನೂ ದೇವರ ಜಗಲಿ ಮುಂದ ಕಡ್ಡಿಪೆಟ್ಟಿಗಿ ತಗೊಂಡ್ಲು. ಗೋಡಿ ಮ್ಯಾಲಿಂದ ಒಮ್ಮಿ ಆ ಕಡಿ ನೋಡಿದ್ಲು.

ಸಾಲಿಗೆಲ್ಲಾ ದೀಪ ಹತ್ತಿದ್ವು. ತಾಜುನ್ನಿಸಾನ ಮನ್ಯಾಗ ಒಂದೂ ಹತ್ತಿದ್ದಿಲ್ಲ. ಕತ್ತಲ ಅಡಗಿಮನ್ಯಾಗ ಆಕಿ ಅಡ್ಯಾಡೋ ಬಳಿ ಸಪ್ಪಳ ಕೇಳಸ್ತಿತ್ತು.

ಭೀಮಬಾಯಿ ಕಡ್ಡಿಪೆಟ್ಟಿಗಿ ಹಂಗೇ ಕೆಳಗಿಟ್ಲು. ತಾನೂ ದೀಪ ಹಚ್ಚಲಿಲ್ಲ. ತಣ್ಣಗಾಗಿದ್ದ ಹಾಲು ಮತ್ತ ಒಲಿ ಮ್ಯಾಲೆ ಇಟ್ಟು, ಹೆಪ್ಪಿಗೆ ಬೇಕಾದಷ್ಟೇ ಬೆಚ್ಚಗಾಗೇದೇನು ಅಂತ ಕತ್ತಲಾಗೇ ಬೆರಳು ಎದ್ದಿ ನೋಡಿದ್ಲು.