ಷರಾ ಅಂಕಣದ ಹೆಬ್ಬೆಟ್ಟು

ನಾನು ಒಂದು ರಿಜಿಸ್ಟರು. ಬೂದನಕಟ್ಟಿ ತಾಲ್ಲೂಕಿನ ನ್ಯಾಯಾಲಯಕ್ಕೆ ಬಂದ ಕ್ರಿಮಿನಲ್ ಪ್ರಕರಣಗಳನ್ನು ವರ್ಷದ ಪ್ರಕಾರ, ನಂಬರಿನ ಪ್ರಕಾರ ಹೊತ್ತುಕೊಂಡವಳು. ನಾನೂರು ಹಾಳೆ, ದಪ್ಪ ರಟ್ಟು, ಬೆನ್ನಿಗೆ ಕೆಂಪು ಬಟ್ಟೆ. ಸರ್ಕಾರಿ ಮುದ್ರಣಾಲಯದಲ್ಲಿ ನನಗೆ ಗೆರೆ ಹಾಕಿದರು, ಹೊಲಿದರು, ಅಂಟು ಹಚ್ಚಿ ಭಾರದ ಕಲ್ಲಿನ ಕೆಳಗೆ ಒತ್ತಿಟ್ಟರು. ಆ ಅಂಟಿನ ವಾಸನೆ ಆರುವ ಮೊದಲೇ ಲಾರಿ ಹತ್ತಿಸಿ ಇಲ್ಲಿಗೆ ಕಳಿಸಿದರು.

ನನ್ನ ಒಂದೊಂದು ಪುಟದಲ್ಲೂ ಹದಿನಾಲ್ಕು ಅಂಕಣ. ಪ್ರಕರಣದ ನಂಬರು, ಠಾಣೆ, ಆರೋಪಿಯ ಹೆಸರು, ಕಲಂ, ತೀರ್ಪಿನ ತಾರೀಖು, ಹೀಗೆ. ಕೊನೆಯದು ಷರಾ. ಮಿಕ್ಕ ಹದಿಮೂರರಲ್ಲಿ ಹಿಡಿಸದ ಮಾತೇನಾದರೂ ಇದ್ದರೆ ಅಲ್ಲಿಗೆ. ಬಹುತೇಕ ಅದು ಖಾಲಿಯೇ ಉಳಿಯುತ್ತದೆ. ಖಾಲಿಯಿದ್ದರೇ ಚೆಂದ ಎಂದು ನಾನೂ ತಿಳಿದಿದ್ದೆ.

ನನ್ನನ್ನು ಮೊದಲು ತೆರೆದವರು ಗುಮಾಸ್ತರಾದ ಬಾವಿಕಟ್ಟಿಯವರು. ದಾಸವಾಳದ ಮೊಗ್ಗು ಜೋಡಿಸಿಟ್ಟ ಹಾಗೆ ಅವರ ಅಕ್ಷರ. ಬರೆಯುವ ಮೊದಲು ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಳ್ಳುತ್ತಿದ್ದರು. ಅವರಿಗೊಂದು ಪದ್ಧತಿ ಇತ್ತು, ಅವರ ಹಿಂದಿನವರಿಗೂ ಅದೇ ಇತ್ತು. ಎಷ್ಟೇ ಜನ ಆರೋಪಿಗಳಿರಲಿ, ಮೊದಲನೆಯವರ ಹೆಸರು ಮಾತ್ರ ಬರೆಯುವುದು. ಉಳಿದವರು 'ಮತ್ತು ಇತರರು'. ಅಂಕಣ ಕಿರಿದು, ಏನು ಮಾಡುವುದು? ಪೂರ್ತಿ ಹೆಸರುಗಳು ಕಡತದಲ್ಲಿ ಇದ್ದೇ ಇರುತ್ತವಲ್ಲ ಎಂಬ ಧೈರ್ಯ.

ಸಾವಿರದ ಒಂಬೈನೂರ ತೊಂಬತ್ತಾರನೆಯ ಇಸವಿ. ಇನ್ನೂರ ಹನ್ನೆರಡನೆಯ ಪ್ರಕರಣ. 'ಕಳಕವ್ವ ಮತ್ತು ಇತರ ಮೂವರು' ಎಂದು ಬರೆದುಕೊಂಡರು. ಚಿಕ್ಕಹಾಳ ಎಂಬ ಊರಿಗೆ ಮೊದಲ ಸಲ ನಲ್ಲಿ ಬಂದಿತ್ತು. ನೀರು ಒಂದೇ ತಾಸು. ಸಾಲಿನಲ್ಲಿ ಯಾರ ಕೊಡ ಮುಂದೆ ಎಂಬ ಮಾತು ಬೆಳೆದು, ಮೇಲಿನ ಓಣಿಯ ಹೆಂಗಸೊಬ್ಬಳು ಸಿಮೆಂಟು ಕಟ್ಟೆಯ ಮೇಲೆ ಬಿದ್ದು ತಲೆಗೆ ಪೆಟ್ಟಾಯಿತು. ಕೊಡದಿಂದ ಹೊಡೆದರು ಎಂದು ದೂರಾಯಿತು. ಪೊಲೀಸರು ನಾಲ್ವರು ಹೆಂಗಸರನ್ನೂ ನಾಲ್ಕು ಕೊಡಗಳನ್ನೂ ತಂದರು. ಕೊಡಗಳಿಗೆ ಚೀಟಿ ಕಟ್ಟಿ ಮುದ್ದೆಮಾಲು, ಅಂದರೆ ಕೇಸಿನ ಸಾಕ್ಷಿವಸ್ತು, ಎಂದು ಕೋಣೆಯಲ್ಲಿ ಇಟ್ಟರು. ನಲ್ಲಿ ಬಂದರೂ ನಾಲ್ಕು ಮನೆಗಳಲ್ಲಿ ಕೊಡವಿಲ್ಲದಂತಾಯಿತು.

ನಾಲ್ಕನೆಯ ಆರೋಪಿ ಸಂಕವ್ವ. ಹೂಗಾರರ ಮನೆಯ ಸೊಸೆ, ಮದುವೆಯಾಗಿ ಒಂದೇ ವರ್ಷ. ಮೂರು ವರ್ಷ ವಾಯಿದೆಗೆ ಓಡಾಡಿದಳು. ಕೊನೆಗೆ ಹೊಡೆದದ್ದನ್ನು ಕಂಡೆ ಎನ್ನುವವರು ಯಾರೂ ಸಿಗಲಿಲ್ಲ. ಹನ್ನೆರಡನೆಯ ಅಂಕಣದಲ್ಲಿ ಬಾವಿಕಟ್ಟಿಯವರು 'ಎಲ್ಲ ಆರೋಪಿಗಳೂ ಖುಲಾಸೆ' ಎಂದು ಬರೆದರು. ಮೇಲ್ಮನವಿಯ ಗಡುವು ಕಳೆದ ಮೇಲೆ ಕೊಡ ಒಯ್ಯಲು ಮೊದಲು ಬಂದವಳು ಸಂಕವ್ವ.

ಅಂದು ಮುದ್ದೆಮಾಲಿನ ರಿಜಿಸ್ಟರು ಕಪಾಟಿನಲ್ಲಿತ್ತು. ಕಪಾಟಿನ ಕೀಲಿ ರಜೆಯ ಮೇಲೆ ಹೋದವರ ಜೇಬಿನಲ್ಲಿತ್ತು.

"ಸೋಮವಾರ ಬಾರವಾ," ಎಂದರು ಬಾವಿಕಟ್ಟಿ.

"ಕೊಡಾ ಅಲ್ಲೇ ಕಾಣಾಕತ್ತೇತಲ್ರಿ ಯಪ್ಪಾ. ತವರಮನಿ ಕೊಡ ಅದು. ಅದರ ಮ್ಯಾಲ ನನ್ನ ಹೆಸರ ಐತಿ ನೋಡ್ರಿ."

"ಹೆಸರಿದ್ರೇನಾತು? ಸಹಿ ತಗೋಳಾಕ ಪುಸ್ತಕ ಬೇಕಲ್ಲ."

"ನಿಮ್ಮ ಮುಂದ ಐತಲ್ರಿ, ಇಷ್ಟ್ ದೊಡ್ಡ ಪುಸ್ತಕ. ಅದರಾಗ ತಗೋರ್ರಿ."

ಬಾವಿಕಟ್ಟಿಯವರು ನಕ್ಕುಬಿಟ್ಟರು. ಆಮೇಲೆ ಅವಳ ಬರಿಗಾಲು ನೋಡಿದರು. ನಗು ನಿಂತಿತು. ನನ್ನ ಷರಾ ಅಂಕಣದಲ್ಲಿ ಸಣ್ಣ ಅಕ್ಷರದಲ್ಲಿ ಬರೆದರು: 'ಹಿತ್ತಾಳೆ ಕೊಡ ಒಂದು, ಸಂಕವ್ವ 1995 ಎಂದು ಕೆತ್ತಿರುವುದು, ನಾಲ್ಕನೇ ಆರೋಪಿಯಾದ ಸಂಕವ್ವ ಕೋಂ ಹನುಮಪ್ಪ ಹೂಗಾರ, ಚಿಕ್ಕಹಾಳ, ಇವರಿಗೆ ಹಿಂದಿರುಗಿಸಿದೆ.' ಅದರ ಪಕ್ಕ ಅವಳ ಎಡಗೈ ಹೆಬ್ಬೆಟ್ಟು ಒತ್ತಿಸಿದರು. ಅವಳು ತೀರಾ ಜೋರಾಗಿ ಒತ್ತಿದಳು. ಮಸಿ ಕೆಳಗಿನ ಹಾಳೆಗೂ ಇಳಿಯಿತು.

ಮುಂದಿನ ತಪಾಸಣೆಯಲ್ಲಿ ನ್ಯಾಯಾಧೀಶ ಸಾಹೇಬರ ಕಣ್ಣಿಗೆ ಅದು ಬಿತ್ತು. ಕೆಂಪು ಶಾಯಿಯಲ್ಲಿ ಹೆಬ್ಬೆಟ್ಟಿಗೆ ಸುತ್ತು ಹಾಕಿ, 'ಇದು ಇಲ್ಲಿ ಬರೆಯತಕ್ಕದ್ದಲ್ಲ' ಎಂದು ಬರೆದು ಸಹಿ, ತಾರೀಖು ಹಾಕಿದರು. ಬಾವಿಕಟ್ಟಿಯವರಿಗೆ ಮೆಮೊ ಬಂತು. ಅದಕ್ಕೆ ಉತ್ತರ ಬರೆಯುವಾಗ ಅವರು ಕರವಸ್ತ್ರಕ್ಕೆ ನಾಲ್ಕು ಸಲ ಕೈ ಒರೆಸಿಕೊಂಡರು. ನನಗೂ ಆ ಪುಟವೆಂದರೆ ನಾಚಿಕೆ. ಯಾರಾದರೂ ನನ್ನನ್ನು ಬಿಡಿಸಿದರೆ ಅದೊಂದು ಹಾಳೆ ತೆರೆಯದಿರಲಿ ಎಂದು ಉಸಿರು ಹಿಡಿದು ಕಾಯುತ್ತಿದ್ದೆ.

ಬಾವಿಕಟ್ಟಿಯವರು ನಿವೃತ್ತರಾದರು. ನಾನು ಭರ್ತಿಯಾದೆ. ಭರ್ತಿಯಾದ ರಿಜಿಸ್ಟರಿಗೆ ಮೇಜಿನ ಮೇಲೆ ಜಾಗವಿಲ್ಲ. ರೆಕಾರ್ಡ್ ರೂಮಿನ ಕಬ್ಬಿಣದ ರ‍್ಯಾಕಿನ ಮೂರನೆಯ ಅಂತಸ್ತಿಗೆ, ಕಿಟಕಿಯ ಪಕ್ಕಕ್ಕೆ ಬಂದೆ. ಕಿಟಕಿಯಾಚೆ ಕಕ್ಷಿದಾರರು ನೀರು ಕುಡಿಯುವ ನಲ್ಲಿ. ಒಳಗೆ ಧೂಳು. ನನ್ನ ಮುಂದೆಯೇ ಒಂದು ದಿನ ಹಳೆಯ ಸಣ್ಣಪುಟ್ಟ ಪ್ರಕರಣಗಳ ಕಡತಗಳನ್ನು ಗಂಟು ಕಟ್ಟಿ ನಾಶಪಡಿಸಲು ಒಯ್ದರು. ಅವಧಿ ಮುಗಿದಿತ್ತು, ನಿಯಮದಂತೆಯೇ ಒಯ್ದರು. ಅದರಲ್ಲಿ ಇನ್ನೂರ ಹನ್ನೆರಡೂ ಇತ್ತು. ರಿಜಿಸ್ಟರುಗಳನ್ನು ಮಾತ್ರ ಉಳಿಸಿದರು.

ಎಷ್ಟೋ ವರ್ಷ ಕಳೆದು, ರೆಕಾರ್ಡ್ ರೂಮು ಮೆಹಬೂಬಿ ನದಾಫ್ ಎಂಬುವರ ಕೈಗೆ ಬಂದಿದ್ದ ಕಾಲ. ಒಂದು ಮಧ್ಯಾಹ್ನ ಕೌಂಟರಿನಲ್ಲಿ ಹೆಂಗಸಿನ ದನಿ ಕೇಳಿಸಿತು.

"ನನ್ನ ಕೇಸು ಹುಡುಕಿ ಕೊಡ್ರಿ ಅಕ್ಕಾರ."

"ಕೇಸ್ ನಂಬರ್ ಹೇಳವ್ವಾ."

"ಅದ ಗೊತ್ತಿದ್ರ ನಾ ಯಾಕ ನಿಮ್ಮನ್ನ ಕೇಳ್ತಿದ್ದೆ?"

ಬಂದವಳು ಸಂಕವ್ವ. ಅವಳ ತಂಗಿ ತೀರಿಕೊಂಡಿದ್ದಳು. ತಂಗಿಯ ಆರು ವರ್ಷದ ಮಗಳು, ತಂದೆಯೂ ಇಲ್ಲದ ಸಿಂಚನಾ, ಜಿಲ್ಲಾ ಕೇಂದ್ರದ ಬಾಲಮಂದಿರದಲ್ಲಿದ್ದಳು. ದೊಡ್ಡವ್ವನಾಗಿ ನಾನೇ ಸಾಕುತ್ತೇನೆ ಎಂದು ಹೋದರೆ ಮಕ್ಕಳ ಸಮಿತಿಯವರು ಪೊಲೀಸರ ವರದಿ ಕೇಳಿದರು. ಠಾಣೆಯವರು ಬರೆದು ಕೊಟ್ಟದ್ದು: 'ಸದರಿಯವರ ಮೇಲೆ ಹಲ್ಲೆಯ ಪ್ರಕರಣ ದಾಖಲಾಗಿತ್ತು. ಮುಂದೇನಾಯಿತು ತಿಳಿದುಬಂದಿಲ್ಲ.' ಕೇಸು ಏನಾಯಿತೆಂದು ಕೋರ್ಟಿನ ಕಾಗದ ತನ್ನಿ, ಇಲ್ಲದಿದ್ದರೆ ಮಗುವನ್ನು ಬೇರೆಯವರಿಗೆ ದತ್ತು ಕೊಡುವ ವಿಚಾರ ಮಾಡಬೇಕಾಗುತ್ತದೆ ಎಂದರು ಸಮಿತಿಯವರು. ಮುಂದಿನ ಸಭೆಗೆ ಹನ್ನೊಂದು ದಿನ ಉಳಿದಿತ್ತು.

ನದಾಫ್ ಮೇಡಂ ಕಂಪ್ಯೂಟರಿನಲ್ಲಿ ಹೆಸರು ಹೊಡೆದು ನೋಡಿದರು. ಅದಕ್ಕೆ ಅಷ್ಟು ಹಿಂದಿನ ಸಂಗತಿ ಗೊತ್ತಿಲ್ಲ.

"ಯಾವ ವರ್ಷದ್ದು, ಅದನ್ನರೆ ಹೇಳು."

"ಊರಿಗೆ ನಲ್ಲಿ ಬಂದ ವರ್ಷರಿ."

"ನಲ್ಲಿ ಯಾವಾಗ ಬಂತು?"

"ಜಗಳ ಆತಲ್ರಿ, ಆ ವರ್ಷ."

ಮೇಡಂ ಹಣೆ ಒತ್ತಿಕೊಂಡರು. ಸಂಕವ್ವ ಬೆರಳು ಮಡಚಿ ಎಣಿಸಿ, "ನನ್ನ ಕೊಡದ ಮ್ಯಾಲ ತೊಂಬತ್ತೈದು ಅಂತ ಐತ್ರಿ. ಮದುವ್ಯಾಗ ಕೊಟ್ಟದ್ದು. ಅದರ ಮರುವರ್ಷನ ಆ ಹಾಳ ಜಗಳ," ಎಂದಳು.

"ತೊಂಬತ್ತಾರು. ಹೊಡೆದಾಟ. ನಿನ್ನ ಜೋಡಿ ಯಾರಿದ್ರು?"

"ನಾಲ್ಕು ಮಂದಿ ಇದ್ವಿ. ಬಾಗಿಲದಾಗ ಕೂಗುವಾಗ ಕಳಕವ್ವನ ಹೆಸರು ಮೊದಲ ಬರ್ತಿತ್ತು. ನಂದು ಕಡೀಕ."

ಮೇಡಂ ನನ್ನನ್ನು ರ‍್ಯಾಕಿನಿಂದ ಇಳಿಸಿದರು. ಬೆನ್ನಿನ ಹೊಲಿಗೆ ಬಿಟ್ಟಿತ್ತು. ಹುಷಾರಾಗಿ ಎರಡೂ ಕೈಯಲ್ಲಿ ಹಿಡಿದರು. ಒಂದೊಂದೇ ಸಾಲಿನ ಮೇಲೆ ಅವರ ಬೆರಳು ಇಳಿಯುತ್ತ ಬಂತು. ಕಳಕವ್ವ ಸಿಕ್ಕಳು.

"ಸಿಕ್ತು! ಎಲ್ಲಾರೂ ಖುಲಾಸೆ." ಮರುಕ್ಷಣ ಮೇಡಂ ಮುಖ ಸಣ್ಣದಾಯಿತು. "ಆದರ ನಿನ್ನ ಹೆಸರಿಲ್ಲಲ್ಲವ್ವಾ. 'ಇತರ ಮೂವರು' ಅಂತ ಐತಿ. ಕಡತ ಇದ್ರ ತೆಗಿಬೋದಿತ್ತು. ಈಗ ಅದೂ ಇಲ್ಲ."

"ಆ ಮೂವರಾಗ ನಾ ಅದೇನಲ್ರಿ!"

"ನೀ ಅದೀ ಅಂತ ಕಾಗದ ಹೇಳಬೇಕು."

ಬದುಕಿನಲ್ಲಿ ಅಷ್ಟು ಸಣ್ಣವಳಾದದ್ದು ನನಗೆ ನೆನಪಿಲ್ಲ. ನಾನೂರು ಹಾಳೆ ಹೊತ್ತು, ಹೆಸರಿನ ಅಂಕಣದಲ್ಲಿ ಒಬ್ಬ ಹೆಂಗಸಿನ ಹೆಸರಿಗೆ ಜಾಗ ಕೊಟ್ಟಿರಲಿಲ್ಲ. ಸಂಕವ್ವ ಕೌಂಟರಿಗೆ ಹಣೆ ಹಚ್ಚಿ ನಿಂತಳು. ಮೇಡಂ ನನ್ನನ್ನು ಮುಚ್ಚಲು ಹಾಳೆಯ ಬಲತುದಿ ಹಿಡಿದರು. ಅಲ್ಲಿ, ನಾನು ಇಷ್ಟು ವರ್ಷ ಬಚ್ಚಿಡಲು ನೋಡಿದ ಜಾಗದಲ್ಲಿ, ಕೆಂಪು ಸುತ್ತಿನೊಳಗೆ ಆ ಹೆಬ್ಬೆಟ್ಟು.

ಅವರು ಕನ್ನಡಕ ಏರಿಸಿಕೊಂಡು ಒಮ್ಮೆ ಮನಸ್ಸಿನಲ್ಲಿ ಓದಿದರು. ಆಮೇಲೆ ಗಟ್ಟಿಯಾಗಿ ಓದಿದರು. 'ನಾಲ್ಕನೇ ಆರೋಪಿಯಾದ ಸಂಕವ್ವ ಕೋಂ ಹನುಮಪ್ಪ ಹೂಗಾರ.'

"ಅವ ನನ್ನ ಕೊಡ ಕೊಟ್ಟ ಯಪ್ಪ," ಎಂದು ಸಂಕವ್ವ ಅಳತೊಡಗಿದಳು. "ಅವಗ ಒಂದು ಕೈ ಮುಗೀಲಿಲ್ಲರಿ ನಾ. ಕೊಡ ಹೊತ್ಕೊಂಡು ಓಡಿದೆ."

ನದಾಫ್ ಮೇಡಂಗೆ ಅಳುಕು ಹೋಗಲಿಲ್ಲ. ಇಲ್ಲಿ ಬರೆಯತಕ್ಕದ್ದಲ್ಲ ಎಂದು ಸಾಹೇಬರೇ ಬರೆದದ್ದನ್ನು ನಕಲು ಮಾಡಿ ಕೊಡಬಹುದೇ? ನನ್ನನ್ನು ಎದೆಗೆ ಅವಚಿಕೊಂಡು ಈಗಿನ ನ್ಯಾಯಾಧೀಶರ ಕೋಣೆಗೆ ಹೋದರು. ಅವರು ಹರೆಯದವರು. ಪುಟವನ್ನು ಬಹಳ ಹೊತ್ತು ನೋಡಿದರು.

"ಬರೆಯಬಾರದಿತ್ತು, ನಿಜ. ಬರೆದದ್ದು ಸುಳ್ಳು ಅಂತ ಯಾರೂ ಹೇಳಿಲ್ಲವಲ್ಲ, ಮೇಡಂ. ಹನ್ನೆರಡನೇ ಅಂಕಣ, ಷರಾ, ಕೆಂಪು ಶಾಯಿ, ಎಲ್ಲಾ ಇದ್ದದ್ದು ಇದ್ದ ಹಾಗೆ ಕೊಡಿ. ಆ ಸಹಿ, ತಾರೀಖಿನಿಂದ ಇದು ಆವತ್ತಿನದೇ ಅಂತ ಗೊತ್ತಾಗುತ್ತೆ."

ನಕಲಿಗೆ ಮೊಹರು ಬಿತ್ತು. ಪಡೆದುಕೊಂಡದ್ದಕ್ಕೆ ಮೇಡಂ ಮಸಿಯ ಡಬ್ಬಿ ಮುಂದಿಟ್ಟರೆ ಸಂಕವ್ವ ಅದನ್ನು ಪಕ್ಕಕ್ಕೆ ಸರಿಸಿದಳು. ಮಹಿಳಾ ಸಂಘದಲ್ಲಿ ಕಲಿತ ಸಹಿ. ನಾಲಿಗೆ ಕಚ್ಚಿಕೊಂಡು, ಒತ್ತಕ್ಷರ ಬಂದಾಗ ಉಸಿರು ಬಿಗಿಹಿಡಿದು, ಪೂರ್ತಿ ಹೆಸರು ಬರೆದಳು.

ಆಮೇಲೆ ಏನಾಯಿತೆಂದು ನನಗೆ ತಿಳಿಯಲಿಲ್ಲ. ನನ್ನಲ್ಲಿ ತೀರ್ಪಿನ ತಾರೀಖಿಗೆ ಅಂಕಣವಿದೆ, ತೀರ್ಪಿನ ನಂತರದ ಬದುಕಿಗೆ ಇಲ್ಲ. ಹನ್ನೊಂದು ದಿನ ಎಣಿಸಿದೆ. ಆಮೇಲೂ ಎಣಿಸಿದೆ.

ಇತ್ತೀಚೆಗೊಂದು ದಿನ ಕಿಟಕಿಯಾಚೆ ಬಳೆ ಸದ್ದು, ಒಳಗೆ ನದಾಫ್ ಮೇಡಂ ಮೇಜಿನ ಮೇಲೆ ಯಾರೋ ತಂದಿಟ್ಟ ಮಲ್ಲಿಗೆಯ ವಾಸನೆ. ನಲ್ಲಿಯ ಮುಂದೆ ಜನ ನಿಂತಿದ್ದರು. ಒಂದು ಪುಟ್ಟ ದನಿ ಚೀರಿತು: "ದೊಡ್ಡವ್ವಾ, ನಾ ಮೊದಲ ಬಂದೀನಿ, ಈಕಿ ನೂಕಾಕತ್ತಾಳ!"

"ಆಕಿ ಕುಡೀಲಿ ಬಿಡ, ನನ್ನವ್ವಾ," ಎಂದಳು ಸಂಕವ್ವ. "ನಲ್ಲಿ ಮುಂದ ಮಾತ್ರ ಜಗಳ ತಗೀಬ್ಯಾಡ. ಆಮ್ಯಾಲ ನಿನ್ನ ಹೆಸರು ಹುಡುಕಾಕ ನಾ ಎಲ್ಲೆಲ್ಲಿ ತಿರಗಲಿ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನೀರು ಬೀಳುವ ಸದ್ದು ಕೇಳಿಸಿತು.

ಈಗ ನನಗೆ ಹೊಸ ಕೆಂಪು ಬಟ್ಟೆ ಸುತ್ತಿದ್ದಾರೆ. ಹುಳು ಬರದಿರಲೆಂದು ಬೇವಿನ ಎಲೆ ಇಟ್ಟಿದ್ದಾರೆ. ನನ್ನ ಒಳಗೆ ಇನ್ನೂ ಎಷ್ಟೋ 'ಇತರರು' ಹೆಸರಿಲ್ಲದೆ ನಿಂತಿದ್ದಾರೆ. ಅವರನ್ನು ಕೇಳಿಕೊಂಡು ಯಾರಾದರೂ ಬಂದರೆ ಏನು ಹೇಳಲಿ ಎಂಬ ಚಿಂತೆ ಹೋಗಿಲ್ಲ. ಆದರೆ ಆ ಒಂದು ಪುಟ ತೆರೆಯುವಾಗ ಈಗ ಉಸಿರು ಹಿಡಿಯುವುದಿಲ್ಲ. ಅದು ತಾನಾಗಿಯೇ ತೆರೆದುಕೊಳ್ಳುತ್ತದೆ.