ಸಾವಿನ ಚೀಟಿ

ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಕೆಲಸದ ಹೊತ್ತಿನಲ್ಲಿ ಗೇಟು ತೆರೆಯುವುದು ಒಂದೇ ಕಾರಣಕ್ಕೆ: ಮನೆಯಲ್ಲಿ ಯಾರಾದರೂ ಸತ್ತರೆ. ಹುಟ್ಟುವವರು ಸಂಜೆಯತನಕ ಕಾಯಬೇಕು.

ಕಾಲರು ಹೊಲಿಯುವವಳಿಗೆ ಅವತ್ತು ಪರೀಕ್ಷೆಯ ದಿನ. ಹನ್ನೊಂದು ವರ್ಷ ಕಾಲರಿನ ಮೇಲೆ ಬೆನ್ನು ಬಗ್ಗಿಸಿದವಳಿಗೆ, ಮೂವತ್ತು ಮೆಷಿನ್ನುಗಳ ಸಾಲನ್ನು ಒಂದು ದಿನ ನಡೆಸಿ ತೋರಿಸು ಎಂದಿದ್ದರು. ಗೆದ್ದರೆ ಸೂಪರ್‌ವೈಸರ್ ಕೆಲಸ. ಸೋತರೆ ಮತ್ತದೇ ಕಾಲರು.

ಹತ್ತೂವರೆಗೆ ಗೇಟಿನ ಕಾವಲುಗಾರ ಓಡಿ ಬಂದ. "ಅಕ್ಕಾ, ನಿಮ್ಮತ್ತೆ ಹೋಗ್ಬಿಟ್ರಂತೆ. ನಿಮ್ಮೆಜಮಾನ್ರು ಹೊರಗೆ ನಿಂತಿದ್ದಾರೆ."

ಅತ್ತೆ ಜಗಳಗಂಟಿ, ನಿಜ. ಆದರೆ ಬೆಳಿಗ್ಗೆ ತಾನೇ "ಟೀಗೆ ಸಕ್ಕರೆ ಹಾಕೋಕೂ ನಿಂಗೆ ಪುರುಸೊತ್ತಿಲ್ವಾ" ಎಂದು ಬೈದು ಕಳಿಸಿದ್ದಳಲ್ಲ! ತೋಳು ಹೊಲಿಯುವ ಗೆಳತಿಗೆ "ಸಾಲು ನೋಡ್ಕೊಳ್ಳೇ" ಎಂದವಳೇ ಹೊರಗೆ ಓಡಿದಳು.

ಗಂಡ ಸ್ಕೂಟರಿನ ಮೇಲೆ ಕುಳಿತು ಹಲ್ಲು ಕಿರಿಯುತ್ತಿದ್ದ.

"ಅಮ್ಮನಿಗೆ ಏನೂ ಆಗಿಲ್ಲ ಕಣೇ, ಗುಂಡುಕಲ್ಲಿನ ಹಾಗಿದ್ದಾಳೆ. ಅಕ್ಕನ ಮನೆಯವರು ಬಂದಿದ್ದಾರೆ, ಎಂಟು ಜನ. ಬೇಗ ಹತ್ತು, ಅಡುಗೆ ಆಗ್ಬೇಕು."

"ಅದಕ್ಕೆ ಹೆತ್ತ ತಾಯಿನೇ ಸಾಯ್ಸಿದ್ರಾ?"

"ಇಲ್ದಿದ್ರೆ ಈ ಗೇಟಿನವ್ನು ನಿನ್ನ ಬಿಡ್ತಿದ್ನಾ? ಒಂದು ಮಾತು ಅಂದೆ, ಅಷ್ಟೇ. ಮಾತಿಗೇನು ಸುಂಕಾನಾ?"

ಅವಳು ಗೇಟಿನತ್ತ ತಿರುಗಿದಳು. ಕಾವಲುಗಾರ ಅಡ್ಡ ನಿಂತ. "ನಿಮ್ಮ ಹೆಸರಿಗೆ ಸಾವಿನ ರಜೆ ಚೀಟಿ ಹರಿದಾಯ್ತಕ್ಕಾ. ಇನ್ನು ಮೂರು ದಿನ ಒಳಗೆ ಬಿಡೋ ಹಾಗಿಲ್ಲ."

ಮೂರು ದಿನ! ಅಷ್ಟರಲ್ಲಿ ಆ ಕೆಲಸ ಇನ್ನೊಬ್ಬರ ಪಾಲು.

"ಸತ್ತೋರು ಬದುಕಿದ್ದಾರೆ ಅಂತ ಬರ್ಕೊಟ್ರೆ?"

ಅವನು ತಲೆ ಕೆರೆದುಕೊಂಡ. "ಇಲ್ಲೀತನಕ ಯಾರೂ ಬದುಕಿ ಬಂದಿಲ್ಲಕ್ಕಾ. ಸುದ್ದಿ ತಂದೋರೇ ಬರ್ಕೊಟ್ರೆ, ಬೇಡ ಅನ್ನೋಕೆ ನನ್ನತ್ರ ರೂಲ್ಸಿಲ್ಲ."

ಗೇಟಿನ ಪುಸ್ತಕವನ್ನು ಗಂಡನ ಮೂಗಿಗೆ ಹಿಡಿದಳು. "ಬರೀರಿ: 'ನನ್ನ ತಾಯಿ ಬದುಕಿದ್ದಾಳೆ, ನಾನು ಹೇಳಿದ್ದು ಸುಳ್ಳು.'"

"ಹುಚ್ಚು ಹಿಡಿದಿದೆಯಾ? ನನ್ನ ಮಾನ ಹರಾಜು ಹಾಕ್ತೀಯಾ?"

"ಅದನ್ನ ನೀವೇ ಹೊತ್ತು ತಂದು ಗೇಟಲ್ಲಿ ಇಳಿಸಿದ್ದೀರಿ. ಬರೀದಿದ್ರೆ ಬಿಡಿ, ಸ್ಕೂಟರ್ ಹತ್ತೀನಿ. ಆದ್ರೆ ಅಡುಗೆಮನೆಗೆ ಹೋಗಲ್ಲ. ಎಂಟು ಜನರೆದುರು ಅತ್ತೆ ಕಾಲ ಬಳಿ ಕೂತು ಎದೆ ಬಡ್ಕೊಂಡು ಅಳ್ತೀನಿ. ಯಾಕಮ್ಮಾ ಅಂತ ಅವರೇ ಕೇಳ್ಲಿ."

ಅವನು ತಾಯಿಯ ನಾಲಿಗೆಯನ್ನು ಬಲ್ಲವನು. ಬರೆದ. ಸಹಿಯನ್ನೂ ಹಾಕಿದ.

"ಮತ್ತೆ ಬಂದೋರ ಊಟ?"

"ಒಲೆ ಹಚ್ಚೋಕೆ ಯಾರಪ್ಪನ ಚೀಟಿನೂ ಬೇಡ. ಕೈಯಿದೆ, ಹೋಗಿ."

ಒಳಗೆ ಸಾಲು ಕುಂಟುತ್ತ ನಡೆದಿತ್ತು. ಗುಂಡಿ ಹಾಕುವ ಮುದುಕಿ ಕಣ್ಣೊರೆಸಿಕೊಳ್ಳುತ್ತಲೇ ಕೇಳಿದಳು, "ನಿಮ್ಮತ್ತೆ...?"

"ನಮ್ಮೆಲ್ಲರಿಗಿಂತ ಗಟ್ಟಿಯಾಗಿದ್ದಾರೆ. ಅಳೋದು ನಿಲ್ಸಜ್ಜಿ, ಗುಂಡಿ ಸೊಟ್ಟಗಾಗ್ತಿದೆ" ಎಂದು ಅವಳು ಸಾಲಿನ ತಲೆಗೆ ಹೋಗಿ ನಿಂತಳು.